ಮೋಟಾರಿನ ಸ್ಟಿಕ್ಕೋ, ಸ್ಪ್ರಿಂಗಿನ ಸ್ಟಿಕ್ಕೋ: ಯುದ್ಧವಿಮಾನ ಸಿಮ್ಯುಲೇಟರಿಗೆ ಜಾಯ್‌ಸ್ಟಿಕ್ ಆರಿಸಿ ಹದಗೊಳಿಸುವ ಬಗೆ

ಫೋರ್ಸ್ ಫೀಡ್‌ಬ್ಯಾಕ್ ಜಾಯ್‌ಸ್ಟಿಕ್, ಅಂದರೆ ಒಳಗಿನ ಮೋಟಾರು ಕೈಗೆ ಎದುರು ಬಲ ಕೊಡುವ ಸ್ಟಿಕ್, ಕೊಳ್ಳಲು ಹೊರಟವರು ಮೊದಲು ಕೇಳುವುದು ಅದರ ತಿರುಗುಬಲ ‘ಎಷ್ಟು ನ್ಯೂಟನ್ ಮೀಟರ್?’ ಅಂತ. ಅದಕ್ಕಿಂತ ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕಾದ್ದು ಬೇರೆ ಇದೆ: ಹೆಚ್ಚು ಹೊತ್ತು ಹಾರಿಸುವುದು ಯಾವ ವಿಮಾನ? ಅದರ ಅಸಲಿ ಕಾಕ್‌ಪಿಟ್‌ನಲ್ಲಿ ಪೈಲಟ್ ಕೈಗೆ ಏನು ತಾಗುತ್ತದೆ? ಇಷ್ಟು ಗೊತ್ತಾದರೆ ಮೋಟಾರು ಬೇಕೇ ಬೇಡವೇ, ಬೇಕಾದರೆ ಎಷ್ಟು ಬಲದ್ದು ಎಂಬುದು ಅರ್ಧ ತೀರ್ಮಾನವಾದ ಹಾಗೆ.

ವಿಮಾನ ಮೊದಲು, ಸ್ಟಿಕ್ ಆಮೇಲೆ

ಮಲ್ಪೆಯಲ್ಲಿ ದೋಣಿಯ ಚುಕ್ಕಾಣಿ ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಕ್ಕೆಯೊಳಗೆ ನಿಧಾನಕ್ಕೆ ಹೋಗುವಾಗ ಚುಕ್ಕಾಣಿ ಎರಡು ಬೆರಳಲ್ಲಿ ತಿರುಗುತ್ತದೆ. ಅಳಿವೆ ದಾಟಿ ವೇಗ ಹಿಡಿದ ಮೇಲೆ ಅದೇ ಚುಕ್ಕಾಣಿಗೆ ತೋಳು ಕೊಡಬೇಕು, ಯಾಕೆಂದರೆ ಹಲಗೆಯನ್ನು ನೀರು ತಳ್ಳುತ್ತಿರುತ್ತದೆ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ನೀರಿನ ಬದಲು ಗಾಳಿ, ಅಷ್ಟೇ ವ್ಯತ್ಯಾಸ. ತಂತಿ, ಸರಳುಗಳ ಮೂಲಕ ರೆಕ್ಕೆಯ ಏಲರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ ಹಲಗೆ) ನೇರವಾಗಿ ಸ್ಟಿಕ್ಕಿಗೆ ಜೋಡಣೆಯಾಗಿರುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಗಂಟೆಗೆ 300 ಕಿ.ಮೀ.ನಲ್ಲಿದ್ದ ಭಾರ 600ಕ್ಕೆ ಬಂದಾಗ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ವೇಗದಲ್ಲಿ ಸ್ಪಿಟ್‌ಫೈರಿನ ಏಲರಾನ್ ಬಿಗಿಯಾಗುವುದು, ಡೈವ್‌ನಲ್ಲಿ (ಮೂಗು ಕೆಳಗೆ ಮಾಡಿ ಧುಮುಕುವಾಗ) ಬಿಎಫ್ 109ರ ಎಲಿವೇಟರ್, ಅಂದರೆ ಮೂಗನ್ನು ಏರಿಸಿ ಇಳಿಸುವ ಬಾಲದ ಹಲಗೆ, ಕಲ್ಲಿನಂತಾಗುವುದು ಈ ಕಾರಣಕ್ಕೇ. ಸ್ಪ್ರಿಂಗಿನ ಸ್ಟಿಕ್ಕಿಗೆ ಇದನ್ನು ತೋರಿಸುವ ದಾರಿಯೇ ಇಲ್ಲ, ಅದು ನಿಂತ ವಿಮಾನದಲ್ಲೂ ಒಂದೇ, ಡೈವ್‌ನಲ್ಲೂ ಒಂದೇ. ಹಳೆಯ ಪ್ರೊಪೆಲರ್ ವಿಮಾನಗಳೇ ಇಷ್ಟವಾದರೆ ಮೋಟಾರಿನ ಸ್ಟಿಕ್ಕಿಗೆ ಹಾಕಿದ ದುಡ್ಡು ವ್ಯರ್ಥವಾಗುವುದಿಲ್ಲ.

ಹೆಲಿಕಾಪ್ಟರ್ ಹಾರಿಸುವವರಿಗೆ ಅದು ಇನ್ನೂ ಹೆಚ್ಚು ಬೇಕು. ಎಂಐ-8, ಯುಎಚ್-1ಎಚ್ ಎರಡರಲ್ಲೂ ಹೈಡ್ರಾಲಿಕ್ ನೆರವಿದೆ, ರೋಟರಿನ ಬಲ ಕೈಗೆ ಬರುವುದಿಲ್ಲ. ಕೈಗೆ ಸಿಗುವುದು ಒಂದು ಸ್ಪ್ರಿಂಗ್ ಮತ್ತು ಆ ಸ್ಪ್ರಿಂಗಿನ ನೆಲೆಯನ್ನು ಹಿಡಿದಿಡುವ ವಿದ್ಯುತ್ಕಾಂತದ ಬ್ರೇಕ್. ಟ್ರಿಮ್ ಅಂದರೆ ಸ್ಟಿಕ್ಕನ್ನು ಒತ್ತಿ ಹಿಡಿಯದೆಯೇ ವಿಮಾನ ಬೇಕಾದ ಭಂಗಿಯಲ್ಲಿ ನಿಲ್ಲುವಂತೆ ಹೊಂದಿಸುವುದು. ಟ್ರಿಮ್ ಗುಂಡಿ ಒತ್ತಿದರೆ ಬ್ರೇಕ್ ಸಡಿಲ, ಸ್ಟಿಕ್ ಹಗುರ. ಬಿಟ್ಟರೆ ಸ್ಟಿಕ್ ಎಲ್ಲಿತ್ತೋ ಅಲ್ಲೇ ಹೊಸ ನಡು. ಸ್ಪ್ರಿಂಗಿನ ಜಾಯ್‌ಸ್ಟಿಕ್‌ನಲ್ಲಿ ಗುಂಡಿ ಬಿಟ್ಟ ಕೂಡಲೇ ಕೈಯನ್ನು ನಡುವಿಗೆ ತರಬೇಕು. ಅಲ್ಲಿಗೆ ಬರುವವರೆಗೆ ಆಟ ನಿಮ್ಮ ಕೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೋವರ್ ಮಾಡುವಾಗ, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಂತಿರುವಾಗ, ಆ ಅರ್ಧ ಸೆಕೆಂಡೇ ಹೆಲಿಕಾಪ್ಟರನ್ನು ಪಕ್ಕಕ್ಕೆ ಜಾರಿಸಿಬಿಡುತ್ತದೆ. ಮೋಟಾರಿದ್ದರೆ ಈ ತೊಡಕೇ ಇಲ್ಲ.

ಎಫ್-16 ಇದಕ್ಕೆ ಪೂರ್ತಿ ವಿರುದ್ಧ. ಅದರ ಪಕ್ಕದ ಸ್ಟಿಕ್ ಸರಿಯುವುದೇ ಕಾಲು ಇಂಚಿನಷ್ಟು, ಅಳೆಯುವುದು ಕೈಯ ಒತ್ತಡವನ್ನು. ಟ್ರಿಮ್ ಮಾಡಿದರೂ ಸ್ಟಿಕ್ ಅಲುಗುವುದಿಲ್ಲ. ಎಫ್/ಎ-18ರಲ್ಲಿ ಸ್ಟಿಕ್ ಸರಿಯುತ್ತದೆ, ಆದರೆ ಅದೂ ಕಂಪ್ಯೂಟರಿಗೆ ಹೇಳುವ ಸ್ಟಿಕ್. ಟ್ರಿಮ್‌ನಿಂದ ಅದರ ನಡು ಬದಲಾಗದು. ಇವೆರಡನ್ನೇ ಹಾರಿಸುವವರು ಒಳ್ಳೆಯ ಸ್ಪ್ರಿಂಗ್ ಸ್ಟಿಕ್ ಕೊಂಡು ಉಳಿದ ದುಡ್ಡಲ್ಲಿ ಪೆಡಲ್ ಕೊಳ್ಳುವುದೇ ಜಾಣತನ.

ನಮ್ಮಲ್ಲಿ ತುಂಬ ಮಂದಿ ಮೊದಲು ಇಳಿಸಿಕೊಳ್ಳುವುದು ಮಿಗ್-21 ಬಿಸ್. ಭಾರತೀಯ ವಾಯುಪಡೆ ಅದನ್ನು 2025ರ ಸೆಪ್ಟೆಂಬರಿನಲ್ಲಿ ಬೀಳ್ಕೊಟ್ಟಿತು, ಡಿಸಿಎಸ್ ಎಂಬ ಸಿಮ್ಯುಲೇಟರಿನಲ್ಲಿ ಇನ್ನೂ ಹಾರುತ್ತಿದೆ. ಇದು ಎರಡರ ನಡುವಿನದು. ಹೈಡ್ರಾಲಿಕ್ ಇರುವುದರಿಂದ ಗಾಳಿಯ ಭಾರ ನೇರ ಬರುವುದಿಲ್ಲ, ಕೈಗೆ ಸಿಗುವುದು ಸ್ಪ್ರಿಂಗಿನ ಕೃತಕ ಭಾರ. ಆದರೆ ಎಆರ್‌ಯು ಎಂಬ ಸಾಧನ ವೇಗ, ಎತ್ತರ ನೋಡಿಕೊಂಡು ಸ್ಟಿಕ್ ಮತ್ತು ಬಾಲದ ನಡುವಿನ ಅನುಪಾತವನ್ನೇ ಬದಲಿಸುತ್ತದೆ. ಟ್ರಿಮ್ ಮಾಡಿದರೆ ಸ್ಟಿಕ್ಕಿನ ನಡು ಸರಿಯುತ್ತದೆ. ಮೋಟಾರು ಇದ್ದರೆ ಸೊಗಸು, ಇಲ್ಲದಿದ್ದರೂ ಹಾರಿಸಬಹುದು.

ಆಯ್ಕೆಗಳು

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಡಬ್ಬಿಯ ಮೇಲೆ ‘ವೈಬ್ರೇಶನ್’ ಎಂದು ಬರೆದ ಅಗ್ಗದ ಸ್ಟಿಕ್ಕುಗಳು ಫೋರ್ಸ್ ಫೀಡ್‌ಬ್ಯಾಕ್ ಅಲ್ಲ. ಮೊಬೈಲಿನಲ್ಲಿರುವಂಥ ನಡುಗುವ ಮೋಟಾರು ಹಿಡಿಯೊಳಗೆ ಇದೆ ಎಂದಷ್ಟೇ ಅದರ ಅರ್ಥ. ಸ್ಟಿಕ್ಕನ್ನು ತಳ್ಳಲು ಅದಕ್ಕೆ ಆಗದು.

ಸ್ಪ್ರಿಂಗ್ ಮತ್ತು ಕ್ಯಾಮ್‌ನ (ಸ್ಪ್ರಿಂಗ್ ಒತ್ತಿ ಕೂರುವ ತಿರುವಿನ ತುಂಡು) ಸ್ಟಿಕ್ಕುಗಳಲ್ಲಿ ಕೆಳಗಿನ ಮೆಟ್ಟಿಲು ಥ್ರಸ್ಟ್‌ಮಾಸ್ಟರ್ ಟಿ.16000ಎಂ. ಸ್ಟಿಕ್ಕಿನ ಹಿಂದುಮುಂದು, ಎಡಬಲ ಚಲನೆಗೆ ಹಾಲ್ ಸೆನ್ಸರ್ (ಆಯಸ್ಕಾಂತದಿಂದ ಅಳೆಯುವುದು) ಇರುವುದರಿಂದ ಅಲ್ಲಿ ಸವೆಯುವ ಕಾರ್ಬನ್ ಪಟ್ಟಿ ಇಲ್ಲ, ಕರಾವಳಿಯ ತೇವದಲ್ಲಿ ಇದು ದೊಡ್ಡ ಗುಣ. ಮೇಲಿನ ಮೆಟ್ಟಿಲಲ್ಲಿ ವಿಕೆಬಿ, ವರ್ಪಿಲ್‌ಗಳ ಬೇಸ್‌ಗಳಿವೆ (ಬೇಸ್ ಅಂದರೆ ಹಿಡಿಯ ಕೆಳಗಿನ ಯಂತ್ರಭಾಗ). ಇವುಗಳಲ್ಲಿ ಸ್ಪ್ರಿಂಗನ್ನೂ ಕ್ಯಾಮನ್ನೂ ಬದಲಿಸಿ ನಡುವಿನ ‘ಕಟ್ಟು’ (ನಡು ದಾಟುವಾಗ ಕೈಗೆ ತಾಗುವ ತಡೆ) ಮೃದುವಾಗಿಯೋ ಗಟ್ಟಿಯಾಗಿಯೋ ಬರುವಂತೆ ಮಾಡಿಕೊಳ್ಳಬಹುದು. ಹೆಲಿಕಾಪ್ಟರಿಗೆ ಸ್ಪ್ರಿಂಗ್ ಸಡಿಲಿಸಿ, ಸ್ಟಿಕ್ಕನ್ನು ತಡೆದು ಹಿಡಿಯುವ ಕ್ಲಚ್ ಬಿಗಿ ಮಾಡಿದರೆ ಸ್ಟಿಕ್ ಬಿಟ್ಟಲ್ಲೇ ನಿಲ್ಲುತ್ತದೆ. ಮೋಟಾರು ಕೊಳ್ಳಲಾಗದವರಿಗೆ ಇದೇ ಅತ್ಯುತ್ತಮ ರಾಜಿ.

ಹಳೆಯ ಮೋಟಾರಿನ ಸ್ಟಿಕ್ಕುಗಳಲ್ಲಿ ಹುಡುಕಲು ಯೋಗ್ಯವಾದದ್ದು ಮೈಕ್ರೋಸಾಫ್ಟ್ ಸೈಡ್‌ವಿಂಡರ್ ಫೋರ್ಸ್ ಫೀಡ್‌ಬ್ಯಾಕ್ 2. ಇದಕ್ಕೆ ಡ್ರೈವರ್ ಬೇಡ, ಯುಎಸ್‌ಬಿಗೆ ಚುಚ್ಚಿದರೆ ಈಗಿನ ವಿಂಡೋಸ್ ಗುರುತಿಸುತ್ತದೆ. ಅದೇ ಹೆಸರಿನ 1997ರ ‘ಪ್ರೊ’ ಮಾದರಿಯದ್ದು ಹಳೆಯ ಗೇಮ್‌ಪೋರ್ಟ್, ಅದನ್ನು ತರಬೇಡಿ. ಬಳಸಿದ್ದನ್ನು ಕೊಳ್ಳುವಾಗ ಮೂರು ಸಂಗತಿ ನೋಡಿ. ತಳದ ಚೀಟಿಯಲ್ಲಿ ವೋಲ್ಟೇಜ್ ಓದಿ. ವಿದ್ಯುತ್ ಪೂರೈಕೆ ಸ್ಟಿಕ್ಕಿನ ತಳದೊಳಗೇ ಇದೆ, ಅಮೆರಿಕದ್ದು 120 ವೋಲ್ಟಿನದು. ನಮ್ಮ 230ಕ್ಕೆ ನೇರ ಕೊಟ್ಟರೆ ಹೊಗೆ ಬಂದೀತು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಎರಡನೆಯದು, ವಿಂಡೋಸಿನ ಗೇಮ್ ಕಂಟ್ರೋಲರ್ ಪರದೆ ತೆರೆದು ಸ್ಟಿಕ್ಕನ್ನು ನಿಧಾನಕ್ಕೆ ಮೂಲೆಯಿಂದ ಮೂಲೆಗೆ ಒಯ್ಯಿರಿ. ಗುರುತು ಜಿಗಿದರೆ ಸೆನ್ಸರ್ ಹೋಗಿದೆ. ಮೂರನೆಯದು ಹಿಡಿಯಲ್ಲಿರುವ ಕಣ್ಣು. ಕೈ ಇದೆಯೋ ಇಲ್ಲವೋ ಎಂದು ನೋಡುವ ಇನ್‌ಫ್ರಾರೆಡ್ ಸೆನ್ಸರ್ ಅದು, ಕೈ ತೆಗೆದರೆ ಮೋಟಾರು ಸುಮ್ಮನಾಗುತ್ತದೆ. ‘ಬಲ ಬರುವುದೇ ಇಲ್ಲ’ ಎಂದು ಅಗ್ಗಕ್ಕೆ ಮಾರುವ ಕೆಲವು ಸ್ಟಿಕ್ಕುಗಳಲ್ಲಿ ಆ ಕಣ್ಣಿನ ಮೇಲೆ ಕೊಳೆ ಕೂತಿದ್ದಷ್ಟೇ ದೋಷ. ಹೆಲಿಕಾಪ್ಟರಿಗೆ ಕೈ ಬಿಟ್ಟಾಗಲೂ ಸ್ಟಿಕ್ ನಿಲ್ಲಬೇಕಾದ್ದರಿಂದ ಅದರ ಮೇಲೆ ಟೇಪ್ ಅಂಟಿಸುವುದು ಹಳೆಯ ಪದ್ಧತಿ. ಲಾಜಿಟೆಕ್ ಜಿ940 ಕೂಡ ಆಗಾಗ ಮಾರಾಟಕ್ಕೆ ಸಿಗುತ್ತದೆ. ಥ್ರಾಟಲ್, ಪೆಡಲ್ ಜೊತೆಗೇ ಬರುವ 2009ರ ಸೆಟ್ ಅದು. ಅದರ ಪೊಟೆನ್ಶಿಯೋಮೀಟರ್‌ಗಳು (ಕಾರ್ಬನ್ ಪಟ್ಟಿಯ ಸೆನ್ಸರ್‌ಗಳು) ಜಿಗಿಯುವುದು ಮಾಮೂಲಿ, ಬಿಚ್ಚಿ ಸ್ವಚ್ಛ ಮಾಡುವ ತಾಳ್ಮೆ ಇದ್ದವರಿಗೆ ಮಾತ್ರ ಸರಿ.

ಹೊಸ ಬೇಸ್‌ಗಳಲ್ಲಿ ಮಾತು ಹೆಚ್ಚಾಗಿ ಮೋಜಾ ಎಬಿ9 ಮತ್ತು ವಿಪಿಫೋರ್ಸ್ ರೈನೋ ಎರಡರದ್ದೇ. ಸ್ವಿಟ್ಜರ್ಲೆಂಡಿನ ಬ್ರೂನರ್ ಗಟ್ಟಿಮುಟ್ಟು, ಬೆಲೆಯೂ ಅಷ್ಟೇ ಗಟ್ಟಿ, ಮನೆಯ ಬಳಕೆಗೆ ನಾವು ಸೂಚಿಸುವುದಿಲ್ಲ. ಎಬಿ9ರ ಗರಿಷ್ಠ ಬಲ 9 ನ್ಯೂಟನ್ ಮೀಟರ್. ಈ ಅಂಕಿಯನ್ನು ಕೈಯ ಲೆಕ್ಕಕ್ಕೆ ತನ್ನಿ: ತಿರುಗುವ ಬಿಂದುವಿನಿಂದ ಅಂಗೈಗೆ 20 ಸೆಂ.ಮೀ. ಇದ್ದರೆ 45 ನ್ಯೂಟನ್, ಅಂದರೆ ಸುಮಾರು ನಾಲ್ಕೂವರೆ ಕಿಲೋ ಎತ್ತಿದ ಹಾಗೆ. ನಡುವೆ 10 ಸೆಂ.ಮೀ. ಉದ್ದದ ಎಕ್ಸ್‌ಟೆನ್ಶನ್ ಹಾಕಿದರೆ ಅದೇ ಮೋಟಾರಿನಿಂದ ಕೈಗೆ ಸಿಗುವುದು 30 ನ್ಯೂಟನ್, ಮೂರು ಕಿಲೋ. ಎಕ್ಸ್‌ಟೆನ್ಶನ್ನಿನಿಂದ ಗುರಿ ನಿಖರವಾಗುತ್ತದೆ, ಬಲ ಕುಗ್ಗುತ್ತದೆ. ಹಾಗಾಗಿ ಮೇಜಿನ ಮೇಲೆ ಗಿಡ್ಡ ಸ್ಟಿಕ್ ಇಡುವವರಿಗೆ 5–6 ನ್ಯೂಟನ್ ಮೀಟರ್ ಧಾರಾಳ. ಕಾಲುಗಳ ನಡುವೆ ಉದ್ದ ಸ್ಟಿಕ್ ನಿಲ್ಲಿಸುವವರಿಗೆ 9 ಅತಿಯಲ್ಲ.

ಎರಡರ ನಡುವೆ ಆರಿಸುವಾಗ ಬಲಕ್ಕಿಂತ ಸಾಫ್ಟ್‌ವೇರ್ ಮತ್ತು ರಿಪೇರಿ ಮುಖ್ಯ. ಎಬಿ9 ಡಬ್ಬಿ ತೆರೆದ ದಿನವೇ ಹಾರುವವರಿಗೆ, ಅದರ ಸಾಫ್ಟ್‌ವೇರಿನಲ್ಲಿ ವಿಮಾನವಾರು ಸಿದ್ಧ ಪ್ರೊಫೈಲ್‌ಗಳಿವೆ. ಲಿಥುವೇನಿಯಾದಿಂದ ಬರುವ ರೈನೋ ಸಣ್ಣ ತಯಾರಕರದ್ದು. ಅದರೊಡನೆ ಬಳಸುವ ಟೆಲೆಮ್‌ಎಫ್‌ಎಫ್‌ಬಿ ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿಯೊಂದು ನಡುಕವನ್ನೂ ಬೇರೆಬೇರೆಯಾಗಿ ತಿದ್ದಬಹುದು. ತಿದ್ದುವುದೇ ಖುಷಿ ಅನ್ನುವವರು ರೈನೋ ತೆಗೆದುಕೊಳ್ಳಲಿ. ಎರಡಕ್ಕೂ ಆಮದು ಸುಂಕ, ಸಾಗಣೆ ಸೇರಿಸಿಯೇ ಬಜೆಟ್ ಹಾಕಿ. ಕೆಟ್ಟರೆ ವಾಪಸು ಕಳಿಸುವ ಖರ್ಚು ಯಾರದ್ದು ಎಂದು ಆರ್ಡರಿಗೆ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಸ್ವಂತ ಕಟ್ಟುವ ದಾರಿಯೂ ಇದೆ. ವಿಪಿಫೋರ್ಸ್‌ನ ಕಂಟ್ರೋಲರ್ ಬೋರ್ಡ್ ಅಥವಾ ಎಫ್‌ಎಫ್‌ಬೀಸ್ಟ್, ಎರಡು ಬ್ರಶ್‌ಲೆಸ್ ಮೋಟಾರು, ಟೈಮಿಂಗ್ ಬೆಲ್ಟು, ಪುಲ್ಲಿ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್. ಶಾಫ್ಟು, ಬುಶ್‌ಗಳಂಥ ಲೇತ್ ಕೆಲಸ ಬೈಕಂಪಾಡಿಯಲ್ಲಿ ಆಗುತ್ತದೆ. ತಪ್ಪುವುದು ಎರಡು ಕಡೆ. ಮೋಟಾರನ್ನು ನಿಮ್ಮ ಕೈ ತಿರುಗಿಸಿದಾಗ ಅದು ಜನರೇಟರ್ ಆಗುತ್ತದೆ, ಆ ವಿದ್ಯುತ್ ಸಪ್ಲೈಯತ್ತ ವಾಪಸು ಹರಿದು ವೋಲ್ಟೇಜ್ ಏರಿಸುತ್ತದೆ. ಬ್ರೇಕ್ ರೆಸಿಸ್ಟರ್ ಇಲ್ಲದಿದ್ದರೆ ಸಪ್ಲೈ ಹಠಾತ್ ಆರಿಹೋಗುತ್ತದೆ, ಬೋರ್ಡು ಸುಡಲೂಬಹುದು. ಎರಡನೆಯದು ಪ್ಲಾಸ್ಟಿಕ್. 3ಡಿ ಪ್ರಿಂಟರಿನಲ್ಲಿ ಬಳಸುವ ಪಿಎಲ್‌ಎ 60 ಡಿಗ್ರಿಯ ಹೊತ್ತಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಸೆಕೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ಮೋಟಾರು ಅಷ್ಟು ಬಿಸಿಯಾಗುವುದು ಕಷ್ಟವೇನಲ್ಲ, ಬೆಲ್ಟು ಸಡಿಲಾಗಿ ಹಲ್ಲು ಜಿಗಿಯುತ್ತದೆ. ಮೋಟಾರಿಗೆ ತಾಗುವ ಭಾಗಗಳನ್ನು ಪಿಇಟಿಜಿ ಅಥವಾ ಎಬಿಎಸ್‌ನಲ್ಲಿ ಮುದ್ರಿಸಿ, ಆದರೆ ಅಲ್ಯೂಮಿನಿಯಂ ತಗಡಾದರೆ ಇನ್ನೂ ಒಳ್ಳೆಯದು. ಕೈಗೆಟಕುವಲ್ಲಿ ಕೆಂಪು ಎಮರ್ಜೆನ್ಸಿ ಸ್ವಿಚ್ ಒಂದು ಇರಲೇಬೇಕು.

ಕೂರಿಸುವುದು

ನಾಲ್ಕೂವರೆ ಕಿಲೋ ಬಲ ಪ್ಲೈವುಡ್ ಕಂಪ್ಯೂಟರ್ ಟೇಬಲ್ಲನ್ನು ಅಲುಗಿಸುತ್ತದೆ. ಟೇಬಲ್ ಅಲುಗಿದರೆ ನೀವು ಹದ ಮಾಡುತ್ತಿರುವುದು ಸ್ಟಿಕ್ಕನ್ನಲ್ಲ, ಟೇಬಲ್ಲನ್ನು. 40×40 ಮಿ.ಮೀ.ನ, 2 ಮಿ.ಮೀ. ದಪ್ಪದ ಚೌಕ ಪೈಪಿನ ಸ್ಟ್ಯಾಂಡನ್ನು ಕುರ್ಚಿಗೇ ಸೇರಿಸಿ ಮಾಡಿಸಿ. ಉಪ್ಪುಗಾಳಿಗೆ ಬೆಸುಗೆಯ ಕಡೆಯಿಂದಲೇ ತುಕ್ಕು ಶುರುವಾಗುತ್ತದೆ, ಪೇಂಟಿಗೆ ಮೊದಲು ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೈ ಹೊಡೆಸಿ. ಬೋಲ್ಟುಗಳು ಸ್ಟೇನ್‌ಲೆಸ್ ಇರಲಿ. ಗಾಲಿಯ ಕುರ್ಚಿ ನಯವಾದ ಟೈಲ್ಸ್ ನೆಲದಲ್ಲಿ ಹಿಂದಕ್ಕೆ ಓಡುತ್ತದೆ, ಗಾಲಿ ತೆಗೆದು ರಬ್ಬರ್ ಬುಡ ಹಾಕಿ.

ಹದ ಮಾಡುವ ಕ್ರಮ

ಜೋಡಿಸುವಾಗ ಮೊದಲು ಸ್ಟಿಕ್ಕಿನ ವಿದ್ಯುತ್, ಆಮೇಲೆ ಯುಎಸ್‌ಬಿ, ಕಡೆಗೆ ಆಟ. ಯುಎಸ್‌ಬಿ ಹಬ್ ಬೇಡ, ಸಿಪಿಯು ಹಿಂಬದಿಯ ಪೋರ್ಟಿಗೇ ಕೊಡಿ. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ.

ಡಿಸಿಎಸ್‌ನಲ್ಲಿ ಆಪ್ಷನ್ಸ್‌ನ ಮಿಸೆಲೇನಿಯಸ್ ಪುಟದಲ್ಲಿ ಫೋರ್ಸ್ ಫೀಡ್‌ಬ್ಯಾಕ್ ಗುರುತು ಹಾಕಿ. ಬಳಿಕ ಆ ವಿಮಾನದ ಆ್ಯಕ್ಸಿಸ್ ಪಟ್ಟಿಯಲ್ಲಿ ಪಿಚ್ (ಮೂಗು ಮೇಲೆ ಕೆಳಗೆ), ರೋಲ್‌ಗೆ (ಎಡಬಲಕ್ಕೆ ವಾಲುವುದು) ಬೇರೆ ಯಾವ ಸಾಧನವೂ ಅಂಟಿಕೊಂಡಿಲ್ಲ ಎಂದು ನೋಡಿ. ಪೆಡಲ್, ಥ್ರಾಟಲ್‌ಗಳಿಗೂ ಆಟ ತಾನಾಗಿ ಪಿಚ್ ಕೊಟ್ಟಿರುತ್ತದೆ. ಕರ್ವ್ (ನಡುವಿನ ಹತ್ತಿರ ಸ್ಟಿಕ್ಕಿನ ಸ್ಪಂದನೆ ಮೃದುಗೊಳಿಸುವ ಹೊಂದಿಕೆ) ಮತ್ತು ಡೆಡ್‌ಝೋನ್ (ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಿಸದ ಜಾಗ) ಎರಡನ್ನೂ ಸೊನ್ನೆ ಮಾಡಿ. ಸ್ಪ್ರಿಂಗ್ ಸ್ಟಿಕ್ಕಿನಲ್ಲಿ 20ರ ಕರ್ವ್ ಹಾಕಿ ರೂಢಿಯಾದವರು ಇಲ್ಲಿ ಎಡವುತ್ತಾರೆ: ಟ್ರಿಮ್ ಸ್ಟಿಕ್ಕಿನ ನಡುವನ್ನು ಸರಿಸಿದಾಗ ಕರ್ವ್ ಅಲ್ಲೇ ಉಳಿದಿರುತ್ತದೆ, ಮೋಟಾರು ನಿಲ್ಲಿಸಿದ ಜಾಗಕ್ಕೂ ಆಟ ಓದುವ ಜಾಗಕ್ಕೂ ಹೊಂದಾಣಿಕೆ ತಪ್ಪುತ್ತದೆ.

ಮೇಲೆ ಕೆಳಗೆ ಟ್ರಿಮ್ ಮಾಡಿದರೆ ಸ್ಟಿಕ್ ಎಡಬಲಕ್ಕೆ ಓಡುತ್ತದೆಯೇ? ಸ್ಟಿಕ್ ಕೆಟ್ಟಿಲ್ಲ. ಆ್ಯಕ್ಸಿಸ್ ಪುಟದ ಎಫ್‌ಎಫ್ ಟ್ಯೂನ್ ತೆರೆದು ‘ಸ್ವಾಪ್ ಆ್ಯಕ್ಸಿಸ್’ ಆರಿಸಿ. ದಿಕ್ಕು ತಿರುಗಿದ್ದರೆ ‘ಇನ್‌ವರ್ಟ್’. ಹೆಲಿಕಾಪ್ಟರುಗಳಲ್ಲಿ ಸ್ಪೆಷಲ್ ಪುಟದ ಟ್ರಿಮ್ಮರ್ ಆಯ್ಕೆಯನ್ನೂ ಬದಲಿಸಬೇಕು. ಎಎಚ್-64ಡಿ ಅಪಾಚೆಯಲ್ಲಿ ಫೋರ್ಸ್ ಫೀಡ್‌ಬ್ಯಾಕಿಗೆಂದೇ ತಕ್ಷಣದ ಟ್ರಿಮ್ ಎಂಬ ಆಯ್ಕೆ ಇದೆ, ನಡುವಿಗೆ ಬರಲು ಕಾಯುವ ಆಯ್ಕೆ ಉಳಿಸಿಕೊಂಡರೆ ಪ್ರತಿ ಟ್ರಿಮ್‌ಗೂ ಹೆಲಿಕಾಪ್ಟರ್ ಮಂಕಾಗುತ್ತದೆ.

ಈಗ ಬಲದ ಸರದಿ. ಬೇಸ್‌ನ ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಸೊನ್ನೆ ಮಾಡಿ, ಒಂದೊಂದೇ ಏರಿಸಿ. ಒಟ್ಟು ಬಲ ಶೇ 70, ಸ್ಪ್ರಿಂಗ್ ಶೇ 50ರಿಂದ ಶುರು ಮಾಡಿ. ಸ್ಪ್ರಿಂಗನ್ನು 100ಕ್ಕೆ ಒಯ್ಯಬಾರದು, ಅದಕ್ಕೆ ಗಟ್ಟಿ ಕಾರಣವಿದೆ. ಮೋಟಾರಿಗೆ ಒಂದು ಗರಿಷ್ಠ ಮಿತಿ ಇದೆ, ಸ್ಪ್ರಿಂಗ್, ಸ್ಟಾಲಿನ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ನಡುಕ, ತೋಪಿನ ನಡುಕ ಎಲ್ಲ ಅದೇ ಮಿತಿಯೊಳಗೆ ಪಾಲು ಹಂಚಿಕೊಳ್ಳಬೇಕು. ಸ್ಟಿಕ್ಕನ್ನು ಪೂರ್ತಿ ಎಳೆದು ತಿರುಗುತ್ತಿರುವಾಗ ಸ್ಪ್ರಿಂಗೇ ಅಷ್ಟನ್ನೂ ನುಂಗಿದರೆ ಸ್ಟಾಲ್ ಹತ್ತಿರ ಬಂದ ಸುಳಿವು ಕೈಗೆ ಬರುವುದೇ ಇಲ್ಲ. ಮೋಟಾರಿನ ಸ್ಟಿಕ್ ಕೊಳ್ಳುವುದು ಆ ಸುಳಿವಿಗಾಗಿಯೇ ಅಲ್ಲವೇ! ‘ನೆಲದಲ್ಲಿ ನಡುಕ ಚೆನ್ನಾಗಿದೆ, ತಿರುವಿನಲ್ಲಿ ಮಾಯ’ ಎಂಬ ದೂರಿಗೆಲ್ಲ ಕಾರಣ ಇದು. ಕಡೇಪಕ್ಷ ಮೂವತ್ತು ಪಾಲು ಖಾಲಿ ಬಿಡಿ.

ಡ್ಯಾಂಪರ್, ಅಂದರೆ ಓಲಾಟ ತಡೆಯುವ ಹೊಂದಿಕೆ, ನೋಡಲು ಒಂದು ಸರಳ ಪರೀಕ್ಷೆ. ಸ್ಟಿಕ್ಕನ್ನು ಅರ್ಧ ದೂರ ಎಳೆದು ಕೈ ಬಿಡಿ. ನಡುವನ್ನು ಒಮ್ಮೆ ದಾಟಿ ಹಿಂದೆ ಬಂದು ನಿಂತರೆ ಸರಿ. ಮೂರು ನಾಲ್ಕು ಸಲ ತೊಟ್ಟಿಲಿನಂತೆ ಓಲಾಡಿದರೆ ಡ್ಯಾಂಪರನ್ನು ಐದೈದೇ ಏರಿಸಿ, ಸಾಮಾನ್ಯವಾಗಿ 10–20ರೊಳಗೆ ನಿಲ್ಲುತ್ತದೆ. ಭಾರದ ಲೋಹದ ಹಿಡಿಗೆ ಇನ್ನಷ್ಟು ಬೇಕು. ಅತಿಯಾದರೆ ಸ್ಟಿಕ್ ಜೇನಿನೊಳಗೆ ಅದ್ದಿದಂತಾಗುತ್ತದೆ. ಫ್ರಿಕ್ಷನ್ (ಕೃತಕ ಘರ್ಷಣೆ) ವಿಷಯದಲ್ಲಿ ಜಿಪುಣತನ ಇರಲಿ, ವಿಮಾನಕ್ಕೆ 3ರಿಂದ 5 ಸಾಕು. ಹೆಚ್ಚಾದರೆ ಸ್ಟಿಕ್ ಮೊದಲು ಅಂಟಿಕೊಂಡು ಆಮೇಲೆ ಫಕ್ಕನೆ ಬಿಡುತ್ತದೆ, ಗುರಿ ಎದುರಾಳಿಯನ್ನು ಹಾರಿ ಆಚೆ ಹೋಗುತ್ತದೆ. ಹೆಲಿಕಾಪ್ಟರಿನಲ್ಲಿ ಮಾತ್ರ ಟ್ರಿಮ್ ಗುಂಡಿ ಒತ್ತಿದಾಗ ಸ್ಟಿಕ್ ಸ್ವಂತ ಭಾರಕ್ಕೆ ಬೀಳದಷ್ಟು ಫ್ರಿಕ್ಷನ್ ಬೇಕು.

ನಡುಕಗಳನ್ನು ಕೊಡುವ ದಾರಿ ಎರಡು. ಆಟವೇ ವಿಂಡೋಸಿನ ಡೈರೆಕ್ಟ್‌ಇನ್‌ಪುಟ್ ಮೂಲಕ ಕೊಡುವುದು ಒಂದು. ವಿಮಾನದ ಸ್ಥಿತಿಯನ್ನು ಓದಿ ಹೊರಗಿನ ತಂತ್ರಾಂಶ ಕೊಡುವ ಟೆಲಿಮೆಟ್ರಿ ಇನ್ನೊಂದು. ಸೈಡ್‌ವಿಂಡರಿಗೆ ಮೊದಲನೆಯದೇ ಸಾಕು, ಎಫ್‌ಎಫ್ ಟ್ಯೂನ್‌ನ ‘ಶೇಕ್’ ಏರಿಸಿ ಇಳಿಸಿ. ಹೊಸ ಬೇಸ್‌ಗೆ ಎರಡನೆಯದು ಚೆನ್ನ. ಡಿಸಿಎಸ್‌ನಲ್ಲಿ ಅದು ಸೇವ್ಡ್ ಗೇಮ್ಸ್‌ನ ಸ್ಕ್ರಿಪ್ಟ್ಸ್ ಫೋಲ್ಡರಿನ ‘ಎಕ್ಸ್‌ಪೋರ್ಟ್ ಲುವಾ’ ಕಡತದ ಮೂಲಕ ನಡೆಯುತ್ತದೆ. ಬೇರೊಂದು ಮಾಡ್ ಹಾಕಿದ ಮರುದಿನ ನಡುಕವೆಲ್ಲ ನಿಂತಿದ್ದರೆ ಆ ಕಡತ ತೆರೆದು ನೋಡಿ, ಹೊಸ ಮಾಡ್ ಹಳೆಯ ಸಾಲನ್ನು ಅಳಿಸಿರುತ್ತದೆ.

ನಡುಕದ ಆವರ್ತನವನ್ನು ಅಂದಾಜಿಗೆ ಬಿಡಬೇಡಿ, ಲೆಕ್ಕ ಹಾಕಬಹುದು. ಎಂಐ-8ರ ರೋಟರ್ ನಿಮಿಷಕ್ಕೆ 192 ಸುತ್ತು, ಅಲಗು ಐದು. 192ನ್ನು 5ರಿಂದ ಗುಣಿಸಿ 60ರಿಂದ ಭಾಗಿಸಿದರೆ 16 ಹರ್ಟ್ಸ್. ಯುಎಚ್-1ಎಚ್‌ನದು 324 ಸುತ್ತು, ಎರಡೇ ಅಲಗು, 10.8 ಹರ್ಟ್ಸ್. ಮೊದಲನೆಯದು ಒಂದೇ ಸಮನೆ ಗುಂಯ್‌ಗುಡುತ್ತದೆ, ಎರಡನೆಯದರಲ್ಲಿ ಒಂದೊಂದು ಅಲಗಿನ ಏಟೂ ಎಣಿಸಬಹುದೇನೋ ಅನ್ನುವಷ್ಟು ಬಿಡಿ. ಎರಡಕ್ಕೂ ಒಂದೇ ಪ್ರೊಫೈಲ್ ಹಾಕಿದವರಿಗೆ ಈ ವ್ಯತ್ಯಾಸ ಸಿಗುವುದೇ ಇಲ್ಲ. ಅಪಾಚೆಯ ತೋಪು ನಿಮಿಷಕ್ಕೆ ಸುಮಾರು 625 ಗುಂಡು, ಸೆಕೆಂಡಿಗೆ ಹತ್ತರ ಹತ್ತಿರ. ಅದನ್ನೂ ಹಾಗೆಯೇ ಹಾಕಿ. ಬಲ ಮಾತ್ರ ಕಡಿಮೆ ಇರಲಿ: ರೋಟರಿನ ನಡುಕ ಶೇ 5–8 ದಾಟಿದರೆ ಅರ್ಧ ಗಂಟೆಯಲ್ಲಿ ಅಂಗೈ ಜೋಮು ಹಿಡಿಯುತ್ತದೆ.

ಮಳೆ, ಸಿಡಿಲು, ಸೆಕೆ

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಳಸದೆ ಇಟ್ಟ ಸ್ಟಿಕ್ಕಿನ ರಬ್ಬರ್ ಹಿಡಿಗೆ ಬೂಷ್ಟು ಹಿಡಿಯುತ್ತದೆ, ಪೊಟೆನ್ಶಿಯೋಮೀಟರಿನ ಕಾರ್ಬನ್ ಪಟ್ಟಿಗೆ ತೇವ ತಾಗಿ ಗುರುತು ಜಿಗಿಯುತ್ತದೆ. ವಾರಕ್ಕೆ ಎರಡು ಸಲವಾದರೂ ಚಾಲೂ ಮಾಡಿ, ಅದರ ಸ್ವಂತ ಬಿಸಿಯೇ ತೇವ ಓಡಿಸುತ್ತದೆ. ದೀರ್ಘ ಕಾಲ ಬಿಡುವುದಾದರೆ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಒರೆಸಲು ಐಸೋಪ್ರೊಪೈಲ್ ಆಲ್ಕೊಹಾಲ್ ಬಳಸಿ, ತೆಂಗಿನೆಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಗೇರಿಗೆ ಬಿಡಬೇಡಿ. ಪ್ಲಾಸ್ಟಿಕ್ಕಿಗೆ ಹೊಂದುವ ಡ್ಯಾಂಪಿಂಗ್ ಗ್ರೀಸ್, ಅದರಲ್ಲೂ ನೈಯೋಜೆಲ್ 767ಎ, ಕಡಲೆ ಕಾಳಿನಷ್ಟು ಸಾಕು.

ಕರೆಂಟು ಒಂದು ಕ್ಷಣ ಮಿಣುಕಿದರೂ ಮೋಟಾರು ಬಿಟ್ಟು ಸ್ಟಿಕ್ ಬೀಳುತ್ತದೆ, ಆಟ ಅದನ್ನು ಮತ್ತೆ ಗುರುತಿಸಲಿಕ್ಕಿಲ್ಲ. ಕಂಪ್ಯೂಟರ್ ಇರುವ ಯುಪಿಎಸ್‌ಗೇ ಸ್ಟಿಕ್ಕನ್ನೂ ಸೇರಿಸಿ. ಲೋಹದ ಹಿಡಿ ಮುಟ್ಟಿದಾಗ ಚುರುಚುರು ಅನ್ನಿಸಿದರೆ ಅರ್ಥಿಂಗ್ ಪರೀಕ್ಷಿಸಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥ್ ಗುಂಡಿ ಕೆಲಸ ಮಾಡದೆ ಹೋಗುತ್ತದೆ, ಯುಎಸ್‌ಬಿ ಕಡಿದು ಕಡಿದು ಬರುವುದಕ್ಕೂ ಅದು ಕಾರಣವಾಗಬಹುದು. ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್‌ನಿಂದ ಅಳತೆ ಮಾಡಿಸಿ. ಮುಂಗಾರಿನ ಮೊದಲಿನ ಮತ್ತು ಅಕ್ಟೋಬರಿನ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪಿನ್ನನ್ನೇ ಕೀಳಬೇಕು, ಲ್ಯಾನ್ ತಂತಿಯನ್ನೂ ಸೇರಿಸಿ.

ಏಪ್ರಿಲ್, ಮೇ ತಿಂಗಳಲ್ಲಿ ಟ್ರಿಮ್ ಮಾಡಿ ಸ್ಟಿಕ್ಕನ್ನು ಪಕ್ಕಕ್ಕೇ ಹಿಡಿದಿಟ್ಟು ಮುಕ್ಕಾಲು ಗಂಟೆ ಹಾರಿದರೆ ಮೋಟಾರು ಅಷ್ಟು ಹೊತ್ತೂ ಕರೆಂಟು ಕುಡಿಯುತ್ತಿರುತ್ತದೆ. ಬಲ ತಾನಾಗಿ ಕುಗ್ಗುತ್ತಾ ಬಂದರೆ ಹೆದರಬೇಡಿ, ಅದು ಬಿಸಿಯಿಂದ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಬೇಸ್‌ನ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು ಒಂದು ಸಣ್ಣ ಫ್ಯಾನನ್ನು ಅದರ ಕಡೆ ತಿರುಗಿಸಿಡಿ, ಒಟ್ಟು ಬಲವನ್ನು 70ರಿಂದ 60ಕ್ಕೆ ಇಳಿಸಿ.